ಮೇಲಜ್ಜಿಯ ಎರಡು ಬಾಗಿಲು

ನಮ್ಮೂರಿನಲ್ಲಿ ಮನೆಯವರಿಗಷ್ಟೇ ಎಂದು ಒಲೆಯ ಮೇಲಿಟ್ಟ ಅಕ್ಕಿ ಬೇಯುವುದಿಲ್ಲ. ಸೌದೆ ಒಲೆಯಾದರೂ ಅಷ್ಟೇ, ಗ್ಯಾಸ್ ಒಲೆಯಾದರೂ ಅಷ್ಟೇ. ನೀರು ಕುದಿಯುತ್ತದೆ, ಮುಚ್ಚಳ ಕುಣಿಯುತ್ತದೆ, ಕುಕ್ಕರ್ ಬೇಕಾದರೆ ಹತ್ತು ಸಲ ಕೂಗುತ್ತದೆ. ತೆಗೆದು ನೋಡಿದರೆ ಅಕ್ಕಿ ಅಕ್ಕಿಯಾಗಿಯೇ ಕೂತಿರುತ್ತದೆ. ಇವತ್ತು ನಮ್ಮ ಮನೆಯದೊಂದು ಬಟ್ಟಲು ಬೇರೆ ಮನೆಯವರ ಹೊಟ್ಟೆಗೆ ಹೋದರೆ ನಾಳೆ ನಮ್ಮ ಒಲೆಯ ಮೇಲಿನದು ಬೇಯುತ್ತದೆ, ಹೋಗದಿದ್ದರೆ ಇಲ್ಲ. ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಇದು ಯಾಕೆ ಹೀಗೆ ಎಂದು ಎಲ್ಲರನ್ನೂ ಕೇಳುತ್ತಾ ಮೂರು ದಿನ ಬಾಳೆಹಣ್ಣು ತಿಂದುಕೊಂಡಿದ್ದರು. ನಾಲ್ಕನೆಯ ದಿನ ಅದರಲ್ಲೊಂದು ಹಣ್ಣನ್ನು ಪಕ್ಕದ ಮನೆಗೆ ಕೊಟ್ಟರು, ಐದನೆಯ ದಿನ ಅವರ ಮನೆಯಲ್ಲಿ ಅನ್ನವಾಯಿತು. ಆಮೇಲೆ ಅವರೂ ಕೇಳಲಿಲ್ಲ.

ಹಾಗಾಗಿ ನಮ್ಮಲ್ಲಿ ಪ್ರತಿ ಮನೆಗೂ ಒಂದು ಜೋಡಿಮನೆ. ಮಧ್ಯಾಹ್ನ ಹನ್ನೆರಡಾಯಿತೆಂದರೆ ಬೀದಿ ತುಂಬಾ ಬಟ್ಟಲುಗಳು ಆಕಡೆಯಿಂದ ಈಕಡೆ, ಈಕಡೆಯಿಂದ ಆಕಡೆ. ಹೆಣ್ಣು ನೋಡಲು ಬಂದವರು ಜಾತಕ ಕೇಳಿದ ಮೇಲೆ ಕೇಳುವ ಎರಡನೆಯ ಮಾತೇ ನಿಮ್ಮ ಜೋಡಿಮನೆ ಯಾರದು ಎಂದು. ಬಟ್ಟಲು ಎಷ್ಟು ದೊಡ್ಡದಿರಬೇಕೆಂದು ಒಲೆ ಕೇಳುವುದಿಲ್ಲವಾದ್ದರಿಂದ ಜಿಪುಣರಿಗೂ ನಮ್ಮೂರಿನಲ್ಲಿ ಬರವಿಲ್ಲ. ಗಿರಣಿಯವರ ಮನೆಯ ಬಟ್ಟಲು ಹಣತೆಗಿಂತ ದೊಡ್ಡದಿದ್ದದ್ದನ್ನು ಯಾರೂ ಕಂಡಿಲ್ಲ. ಯಾರಿಗೆ ಯಾರು ಜೋಡಿ ಎಂಬ ಪಟ್ಟಿ ಆಯಾ ಬೀದಿಯ ಯಜಮಾನರ ಹತ್ತಿರ ಇರುತ್ತದೆ. ಒಡಹುಟ್ಟಿದವರು ಇದೇ ಊರಿನಲ್ಲಿದ್ದು ಮಾತಾಡಿಕೊಂಡಿದ್ದರೆ ಅವರೇ ಜೋಡಿಯಾಗಬೇಕು, ಅದು ಹಳೆಯ ಪದ್ಧತಿ. ಮೂರು ಮನೆ ಸೇರುವಂತಿಲ್ಲ. ಮೂವರಿದ್ದರೆ ಒಬ್ಬರು ಇನ್ನಿಬ್ಬರ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಾರೆ ಎಂದು ಹಿರಿಯರ ಲೆಕ್ಕಾಚಾರ. ಜೋಡಿ ಸಿಗದೆ ಒಂಟಿ ಉಳಿದವರಿಗೆ ಊರಾಚೆ ಛತ್ರವಿದೆ. ಅಲ್ಲಿ ಊಟವೇನೋ ಹಾಕುತ್ತಾರೆ, ಆದರೆ ಅಲ್ಲಿಗೆ ಹೋದವರ ಹೆಸರನ್ನು ಬೀದಿ ನಿಧಾನವಾಗಿ ಮರೆಯುತ್ತದೆ.

ನನ್ನ ಹೆಸರು ಚೆಲುವಮ್ಮ. ದೊಡ್ಡ ಬೀದಿಯಲ್ಲಿ ನಮ್ಮದು ಹಾಸಿಗೆ ದಿಂಬಿನ ಅಂಗಡಿ. ಹತ್ತಿಯ ಮಧ್ಯೆ ಬದುಕುವವಳಾದರೂ ನನ್ನ ಸ್ವಭಾವ ಹತ್ತಿಯಂಥದ್ದಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ತಂಗಿ ನಿಂಗಾಜಿ ಹಿಂದಿನ ಕುಂಬಾರ ಬೀದಿಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳಿಗೂ ಅದೇ ಮೂಗು. ಮದುವೆಯಾದಂದಿನಿಂದ ನಾವಿಬ್ಬರೂ ಜೋಡಿ. ಹನ್ನೊಂದು ವರ್ಷದ ಕೆಳಗೆ ಒಂದು ಮಧ್ಯಾಹ್ನ ಅವಳು ನಾನು ಕಳಿಸಿದ ನುಗ್ಗೇಕಾಯಿ ಹುಳಿಯ ಬಟ್ಟಲನ್ನು ವಾಪಸು ತಂದು, ನಮ್ಮ ಹೊಸಿಲಿನ ಮುಂದೆ ರಂಗೋಲಿಯ ಮೇಲೆಯೇ ಬಗ್ಗಿಸಿಬಿಟ್ಟಳು. "ಹೋಳೆಲ್ಲಾ ನಿಂಗೆ, ನೀರು ನಂಗಾ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು. ನಾನೇನು ಬೇಕೆಂದು ಹೋಳು ಹಾಕದೆ ಕಳಿಸಿದೆನಾ? ಇರಲಿ, ಅದು ಬೇರೆ ಮಾತು. ಮಾರನೆಯ ದಿನವೇ ನನ್ನ ಮಗಳು ಪದ್ಮಿನಿಯನ್ನು ನೋಡಲು ಪರವೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು, ಬಂದರು. ಸಾಲಾಗಿ ಹದಿನಾಲ್ಕು ಎಲೆ ಹಾಕಿ, ಎಲೆಯ ತುಂಬಾ ಬೇಯದ ಅಕ್ಕಿ ಬಡಿಸಿದ ಮಹಾತಾಯಿ ನಾನು. ಪದ್ಮಿನಿಗೆ ಆಮೇಲೆ ಅವರಿಗಿಂತ ಒಳ್ಳೆಯ ಮನೆ ಸಿಕ್ಕಿತು. ಆದರೂ ನಾನು ನಿಂಗಿಯ ಜೊತೆ ಮಾತು ಬಿಟ್ಟವಳು ಬಿಟ್ಟೇಬಿಟ್ಟೆ. ಎದುರಿಗೆ ಬಂದರೆ ಅವಳು ಆ ಚರಂಡಿ ಪಕ್ಕ, ನಾನು ಈ ಚರಂಡಿ ಪಕ್ಕ.

ಮಾತು ಬಿಡುವುದೇನೋ ಸುಲಭ, ಅನ್ನ ಬೇಯಬೇಕಲ್ಲ. ನನಗೆ ತಿಳಿದಂತೆ ಬೀದಿಯಲ್ಲಿ ಎಲ್ಲರಿಗೂ ಜೋಡಿಯಿತ್ತು. ಎರಡು ದಿನ ನಮ್ಮ ಮನೆಯ ಯಜಮಾನರು ಅವಲಕ್ಕಿ ತಿಂದರು. ಮೂರನೆಯ ದಿನ ಮೂಲೆಯ ಮಹಡಿ ಮನೆಯ ಮೇಲಜ್ಜಿ ಮೆಟ್ಟಿಲಿಳಿದು ಬಂದು, "ಚೆಲುವಿ, ನಂಗೂ ಜೋಡಿ ಇಲ್ಲ ಕಣವ್ವ. ಡಾಕ್ಟ್ರು ಹೋದ್ಮೇಲೆ ಒಬ್ಳೇ, ಛತ್ರಕ್ಕೆ ಹೋಗು ಅಂತವ್ರೆ. ನಿನ್ನ ಬಟ್ಟಲು ನಾನು ಉಣ್ತೀನಿ, ನನ್ನ ಬಟ್ಟಲು ನೀನು ಉಣ್ಣು" ಎಂದಳು.

ಅಜ್ಜಿಯ ನಿಜವಾದ ಹೆಸರು ಮೇಯ್ ಲಾನ್. ಅವಳ ಗಂಡ ಲಿಯೂ ಡಾಕ್ಟರು ಚೀನಾದಿಂದ ಬಂದ ಹಲ್ಲಿನ ಡಾಕ್ಟರು. ನಮ್ಮೂರಿನ ಅರ್ಧ ಜನ ಅಗಿಯುತ್ತಿದ್ದದ್ದು ಅವರು ಕಟ್ಟಿದ ಹಲ್ಲಿನಲ್ಲೇ. ಮೇಯ್ ಲಾನ್ ಎನ್ನಲು ನಾಲಗೆ ತಿರುಗದೆ ಊರು ಅವಳನ್ನು ಮೇಲಮ್ಮ ಎಂದಿತು, ಕೂದಲು ಬೆಳ್ಳಗಾದ ಮೇಲೆ ಮೇಲಜ್ಜಿಯಾದಳು. ಈಗ ಕೆಳಗಿನ ದವಾಖಾನೆಯಲ್ಲಿ ಔಷಧಿ ಅಂಗಡಿಯಿದೆ, ಅವಳು ಮೇಲೆ. ಆ ಮನೆಗೆ ಎರಡು ಬಾಗಿಲು. ಮುಂಬಾಗಿಲ ಮೆಟ್ಟಿಲು ನಮ್ಮ ದೊಡ್ಡ ಬೀದಿಗೆ, ಹಿಂಬಾಗಿಲ ಮೆಟ್ಟಿಲು ಕುಂಬಾರ ಬೀದಿಗೆ.

ಅಂದಿನಿಂದ ಪ್ರತಿದಿನ ಮಧ್ಯಾಹ್ನ ಅಜ್ಜಿ ತಾನೇ ಬರುತ್ತಿದ್ದಳು. ನೀಲಿ ಮೀನಿನ ಚಿತ್ರವಿರುವ ಪಿಂಗಾಣಿ ಬಟ್ಟಲಿನಲ್ಲಿ ತಂದದ್ದನ್ನು ನಮಗೆ ಕೊಟ್ಟು, ನಮ್ಮದನ್ನು ಟಿಫನ್ ಕ್ಯಾರಿಯರ್ ಡಬ್ಬಿಯಲ್ಲಿ ಹಾಕಿಸಿಕೊಂಡು, ಹೋಗುವ ಮುಂಚೆ ಹತ್ತಿಯ ಮೂಟೆಗೆ ಒರಗಿ ಒಂದು ಕಥೆ ಹೇಳುತ್ತಿದ್ದಳು. "ನೀವ್ಯಾಕಜ್ಜಿ ಮೆಟ್ಟಿಲು ಹತ್ತಿ ಇಳಿಯೋದು, ನಾನೇ ಮೇಲೆ ಬತ್ತೀನಿ" ಎಂದರೆ ಕೇಳುತ್ತಿರಲಿಲ್ಲ. "ಕಾಲಿಗೆ ಒಳ್ಳೇದು ಕಣವ್ವ" ಎನ್ನುತ್ತಿದ್ದಳು. ಅವಳ ಅಡುಗೆಯೋ, ಅದೊಂದು ಪವಾಡ. ಚೀನಾದ ಹೆಂಗಸು, ಆದರೆ ಹುರುಳಿಕಾಳಿನ ಬಸ್ಸಾರು ಮಾಡಿದರೆ ಸಾಕ್ಷಾತ್ ನಮ್ಮವ್ವನ ಕೈ. ಒಂದು ದಿನ ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅಜ್ಜಿ ಹತ್ತಿಯ ಮೂಟೆ ತಟ್ಟುತ್ತಾ, "ಕಲಿತ್ಕಂಡೆ ಕಣವ್ವ" ಎಂದಳು. ನಮ್ಮವ್ವ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಹೇಳಿಕೊಟ್ಟಿರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ. ನನ್ನಂಥ ಬೆಪ್ಪುತಕ್ಕಡಿ ಇನ್ನೊಬ್ಬಳಿಲ್ಲ.

ಕಥೆಗಳೆಲ್ಲ ಅವಳ ಅವ್ವ ಹೇಳಿದ್ದವು, ಚೀನಾದ ಯಾವುದೋ ಹೊಳೆಯ ದಡದ ಹಳ್ಳಿಯವು. ಎಲ್ಲವೂ ಕೊಡುವವರ ಕಥೆ, ಇಲ್ಲದಿದ್ದರೆ ಕೊಡದವರ ಕಥೆ. ಒಬ್ಬ ಜಿಪುಣನಿದ್ದನಂತೆ. ಅವರಲ್ಲಿ ಒಲೆಗೊಬ್ಬ ದೇವರಿದ್ದಾನೆ, ವರ್ಷದ ಕೊನೆಗೆ ಅವನು ಮೇಲೆ ಹೋಗಿ ಈ ಮನೆಯವರು ಹೀಗೆ ಹೀಗೆ ಎಂದು ಸ್ವರ್ಗದ ರಾಜನಿಗೆ ಹೇಳಬೇಕು. ಒಳ್ಳೆಯ ಮಾತಾಡಲಿ ಎಂದು ಜನ ಅವನ ಬಾಯಿಗೆ ಸಿಹಿ ಸವರುತ್ತಾರೆ. ಈ ಜಿಪುಣ ತನ್ನ ಬಂಡವಾಳ ಬಯಲಾದೀತೆಂದು ಹೆದರಿ ಎಷ್ಟು ಪಾಕ ಮೆತ್ತಿದನೆಂದರೆ ದೇವರ ತುಟಿ ಎರಡೂ ಅಂಟಿಕೊಂಡವು. ಮೇಲೆ ಹೋದವನು ಮಾತಾಡಲಾರ. ಸುಮ್ಮನೆ ಅಂಗಿ ಎತ್ತಿ ಹೊಟ್ಟೆ ತೋರಿಸಿದ. ಬೆನ್ನಿಗೆ ಅಂಟಿದ ಹೊಟ್ಟೆ. ರಾಜನಿಗೆ ಎಲ್ಲ ಅರ್ಥವಾಯಿತು. ಇದನ್ನು ಹೇಳುವಾಗ ಅಜ್ಜಿ ತನ್ನ ಕೆನ್ನೆ ಒಳಗೆಳೆದುಕೊಂಡು ತೋರಿಸುತ್ತಿದ್ದಳು. ನಮ್ಮ ಯಜಮಾನರು ಸೂಜಿ ಬಿಟ್ಟು ನಗುತ್ತಿದ್ದರು.

ಇನ್ನೊಂದು ದೀಪದ ಕಥೆ. ಗುಡ್ಡದ ಊರಿನಲ್ಲಿ ಎಲ್ಲರ ದೀಪವೂ ಆರಿ, ಒಬ್ಬನ ಮನೆಯಲ್ಲಿ ಮಾತ್ರ ಉಳಿದಿತ್ತು. ಹಚ್ಚಿಕೊಳ್ಳಲು ಬಂದವರಿಗೆಲ್ಲ ಅವನು, ನೀವೆಲ್ಲ ಹಚ್ಚಿಕೊಂಡರೆ ನನ್ನ ಬೆಂಕಿ ಸವೆದುಹೋಗುತ್ತದೆ ಎಂದು ಬಾಗಿಲು ಹಾಕಿಕೊಂಡ. ಬಾಗಿಲು ಹಾಕಿದ ಗಾಳಿಗೇ ಅವನ ದೀಪವೂ ಹೋಯಿತು. ಈಗ ಕೇಳೋಣವೆಂದರೆ ಊರಿನಲ್ಲಿ ಯಾರ ಹತ್ತಿರವೂ ಕಿಡಿಯಿಲ್ಲ. "ಅಷ್ಟೇನಾ? ಕೊಟ್ಟವರಿಗೆ ಬಂಗಾರದ ಕೊಡಗಿಡ ಸಿಗಲ್ವಾ ನಿಮ್ಮ ಕಡೆ?" ಎಂದು ನಾನೊಮ್ಮೆ ಕೇಳಿದೆ. "ಸಿಗುತ್ತೆ, ಅಂಥ ಕಥೇನೂ ಅವೆ. ನಮ್ಮವ್ವ ಹೇಳ್ತಿರಲಿಲ್ಲ. ಬಂಗಾರ ಸಿಗೋ ಹಂಗಿದ್ರೆ ಯಾರು ಬೇಕಾದ್ರೂ ಕೊಡ್ತಾರೆ, ಅದರಲ್ಲೇನು ದೊಡ್ಡಸ್ತಿಕೆ ಅನ್ನೋಳು. ಕೊಟ್ಟೋರಿಗೆ ಪಕ್ಕದಲ್ಲಿ ಕೂತು ಉಣ್ಣೋಕೆ ಒಬ್ರು ಸಿಗ್ತಾರೆ ಕಣವ್ವ, ಸಾಕಲ್ವಾ" ಎಂದಳು.

ಇವೆಲ್ಲ ನನಗೇ ತಾಗುವಂತಿದ್ದವು. ಹೋಳಿನ ವಿಷಯ ಊರಿಗೆಲ್ಲ ಗೊತ್ತಿತ್ತಲ್ಲ, ಮುದುಕಿ ಬಟ್ಟಲು ಕೊಟ್ಟ ನೆಪದಲ್ಲಿ ದಿನಾ ಬಂದು ನನ್ನ ಮುಖಕ್ಕೆ ಹೊಡೆದಂತೆ ಜಿಪುಣರ ಕಥೆ ಹೇಳುತ್ತಿದ್ದಾಳೆ ಎಂದು ಒಳಗೊಳಗೇ ಉರಿಯುತ್ತಿದ್ದೆ. ಹಟಕ್ಕೆ ಬಿದ್ದು ಅವಳ ಡಬ್ಬಿಗೆ ಒಳ್ಳೊಳ್ಳೆಯ ಹೋಳನ್ನೇ ಹುಡುಕಿ ಹಾಕುತ್ತಿದ್ದೆ. ಹುಳಿಯ ತಳ ಕೆದಕಿ, ನಮ್ಮ ಯಜಮಾನರಿಗೆ ನೀರು ಉಳಿಸಿ. ಬೇಕಾದರೆ ಈಗ ಹೇಳು ಕಥೆ ಎಂಬಂತೆ. ಅವಳು ಮಾರನೆಯ ದಿನ ಮತ್ತೆ ಹೇಳುತ್ತಿದ್ದಳು. ಕೋಪವೂ ಬರುತ್ತಿತ್ತು, ಅವಳು ಹತ್ತು ನಿಮಿಷ ತಡವಾದರೆ ಮೆಟ್ಟಿಲ ಕಡೆ ಕಣ್ಣೂ ಹೋಗುತ್ತಿತ್ತು.

ಒಂದು ಕಥೆ ಮಾತ್ರ ನನಗೆ ತಾಗಲಿಲ್ಲ, ಅದಕ್ಕೇ ಅದು ಸಪ್ಪೆ ಎನಿಸುತ್ತಿತ್ತು. ಹೊಳೆಯ ಆಚೆ ಒಂದು ಹಳ್ಳಿ, ಈಚೆ ಒಂದು ಹಳ್ಳಿ, ನಡುವೆ ದೋಣಿ ನಡೆಸುವ ಒಬ್ಬ ಮುದುಕಿ. ಎರಡೂ ದಡದವರು ದಾಟುವಾಗ ಅವಳಿಗೆ ಏನಾದರೊಂದು ತಿನ್ನಲು ಕೊಡುತ್ತಾರೆ, ನಾಲ್ಕು ಮಾತಾಡುತ್ತಾರೆ. ಒಂದು ವರ್ಷ ಸೇತುವೆ ಕಟ್ಟೋಣವೆಂದು ಜನ ಹೊಳೆಯಲ್ಲಿ ಗೂಟ ನೆಟ್ಟರು. ಮುದುಕಿ ಯಾರೂ ಇಲ್ಲದಾಗ ಹೋಗಿ ಗೂಟ ಕಿತ್ತಳು. ಮತ್ತೆ ನೆಟ್ಟರು, ಮತ್ತೆ ಕಿತ್ತಳು. ಅಜ್ಜಿ ಪ್ರತಿ ಸಲವೂ ಇಲ್ಲಿಗೇ ನಿಲ್ಲಿಸಿ ಡಬ್ಬಿ ಎತ್ತಿಕೊಂಡು ಎದ್ದುಬಿಡುತ್ತಿದ್ದಳು.

ಹೋದ ಮಾಘದಲ್ಲಿ ಅಜ್ಜಿ ಬಟ್ಟೆ ಹರವಲು ಹೋಗಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಔಷಧಿ ಅಂಗಡಿಯವರೇ ಆಸ್ಪತ್ರೆಗೆ ಕರೆದೊಯ್ದು ಕೈಗೆ ಪಟ್ಟಿ ಹಾಕಿಸಿ ಕರೆತಂದು ಮಲಗಿಸಿದರೆಂದು ನಮಗೆ ಸುದ್ದಿ ಬಂತು. ಮಾರನೆಯ ದಿನ ನಾನು ಬಟ್ಟಲು ಹಿಡಿದು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಮುಂಬಾಗಿಲ ಮೆಟ್ಟಿಲು ಹತ್ತಿದೆ. ಅಜ್ಜಿ ಅಡುಗೆಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದವಳೇ, "ಚೆಲುವಿ, ಈಗ ಬೇಡ ಕಣೆ, ಆಮೇಲೆ ಬಾ, ಹೋಗು" ಎಂದು ಎಡಗೈ ಬೀಸಿದಳು. ಇದೇನಪ್ಪಾ ಎಂದುಕೊಳ್ಳುವಷ್ಟರಲ್ಲಿ ಹಿಂಬಾಗಿಲು ಕಿರ್ ಎಂದಿತು. ಹಿತ್ತಾಳೆಯ ಬಟ್ಟಲು ಹಿಡಿದುಕೊಂಡು ನಿಂಗಿ ಒಳಗೆ ಬಂದಳು. ಬಟ್ಟಲಿನಿಂದ ಹುರುಳಿಕಾಳಿನ ಬಸ್ಸಾರಿನ ಘಮ ಬರುತ್ತಿತ್ತು.

ನಾನು ಒಲೆಯ ಕಡೆ ನೋಡಿದೆ. ಆ ಒಲೆಯ ಮೇಲೆ ಮಡಿಸಿದ ಬಟ್ಟೆ ಪೇರಿಸಿಟ್ಟಿತ್ತು, ಬೆಂಕಿ ಕಂಡು ವರ್ಷಗಳಾಗಿದ್ದವು. ಕಟ್ಟೆಯ ಮೇಲೆ ನೀಲಿ ಮೀನಿನ ಬಟ್ಟಲುಗಳು, ಒಂದಲ್ಲ, ಎರಡು.

"ಅಜ್ಜಿ, ಇವಳ್ಯಾಕೆ ಇಲ್ಲಿ?" ನಾನೂ ನಿಂಗಿಯೂ ಒಟ್ಟಿಗೇ ಕೇಳಿದೆವು.

ಅಜ್ಜಿ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡಳು. "ಕುಂತ್ಕಳಿ" ಎಂದಳು. ನಾವು ಕೂರಲಿಲ್ಲ. "ನಾನು ಅಡುಗೆ ಮಾಡ್ತಿರಲಿಲ್ಲ ಕಣ್ರವ್ವ. ನಿನ್ನದನ್ನ ತಕ್ಕೊಂಡೋಗಿ ಅವಳಿಗೆ ಕೊಡೋಳು, ಅವಳದನ್ನ ತಂದು ನಿಂಗೆ ಕೊಡೋಳು. ಎರಡರಲ್ಲೂ ಒಂದೊಂದು ತುತ್ತು ನಂಗೆ. ನಿಮ್ಮ ಬೀದಿ ಪಟ್ಟೀಲಿ ನಾನು ನಿನಗೆ ಜೋಡಿ, ಆ ಬೀದಿ ಪಟ್ಟೀಲಿ ಅವಳಿಗೆ ಜೋಡಿ. ಯಜಮಾನ್ರಿಬ್ರೂ ಒಬ್ರ ಮುಖ ಒಬ್ರು ನೋಡೋರಲ್ಲ, ಹಂಗಾಗಿ ನಡೀತು."

"ನಮ್ಮನ್ನ ಸೇರಿಸಬೇಕು ಅಂತ ಮಾಡಿದ್ರಾ?" ನಿಂಗಿಯ ದನಿ ಮೆತ್ತಗಾಗಿತ್ತು.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾವಿಬ್ಬರೂ ಅವಳ ಕಾಲಿಗೆ ಬೀಳುತ್ತಿದ್ದೆವು. ಆದರೆ ಅಜ್ಜಿಗೆ ಸುಳ್ಳು ಹೇಳಲು ಬರಲಿಲ್ಲ. "ಇಲ್ಲ ಕಣವ್ವ" ಎಂದಳು. "ಮೊದಲನೇ ವರ್ಷವೇ ನೀನು ನಮ್ಮಕ್ಕ ಹೆಂಗವಳೆ ಅಂತ ಕೇಳಿದ್ದೆ. ಇವಳೂ ಒಂದಿನ ಕೇಳಿದ್ಲು, ನಿಂಗಿ ಮನೇಲಿ ಎಲ್ಲ ಚೆನ್ನಾಗವ್ರಾ ಅಂತ. ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನೀವು ಒಂದಾಗ್ತಿದ್ರಿ. ಒಂದಾದ್ರೆ ನೀವೇ ಜೋಡಿ, ನಾನು ಛತ್ರಕ್ಕೆ. ಗೂಟ ಕಿತ್ತೋಳು ನಾನೇ ಕಣ್ರವ್ವ. ಆ ಕಥೆಗಳನ್ನೆಲ್ಲ ಯಾರ ಮೇಲೆ ಹೇಳ್ತಿದ್ದೆ ಅಂದ್ಕಂಡ್ರಿ? ದಿನಾ ನನಗೆ ನಾನೇ ಬೈಕೊಳ್ಳೋಕೆ ಹೇಳ್ತಿದ್ದೆ."

"ನನ್ನ ಮೇಲೆ ಅಂದ್ಕಂಡಿದ್ದೆ" ಎಂದಳು ನಿಂಗಿ. ನಾನೂ ಅದನ್ನೇ ಹೇಳಬೇಕೆಂದಿದ್ದೆ, ಅವಳು ಮೊದಲು ಹೇಳಿಬಿಟ್ಟಳು.

ಆಮೇಲೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಹನ್ನೊಂದು ವರ್ಷದ ನಂತರ ಅಕ್ಕತಂಗಿ ಒಂದೇ ದನಿಯಲ್ಲಿ ಮಾಡಿದ ಮೊದಲ ಕೆಲಸ, ಕೈ ಮುರಿದುಕೊಂಡು ಕೂತ ಎಂಬತ್ತು ವರ್ಷದ ಮುದುಕಿಯನ್ನು ಬಾಯಿಗೆ ಬಂದಂತೆ ಬೈದದ್ದು. ಒಬ್ಬರ ಮಕ್ಕಳ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ, ಅವಳ ಗಂಡ ಆಸ್ಪತ್ರೆ ಸೇರಿದಾಗ ನಾನು ಇಣುಕಿ ನೋಡಲಿಲ್ಲ, ಅವ್ವನ ತಿಥಿಯನ್ನು ಎರಡು ಮನೆಯಲ್ಲಿ ಎರಡು ಸಲ ಮಾಡಿದೆವು. ಎಲ್ಲವನ್ನೂ ತೆಗೆತೆಗೆದು ಅಜ್ಜಿಯ ಮೇಲೆ ಹಾಕಿದೆವು. ಕೊನೆಗೆ ಕೋಪದಲ್ಲಿ ನಿಂಗಿ ತನ್ನ ಬಟ್ಟಲು ಎತ್ತಿಕೊಂಡು ಹಿಂಬಾಗಿಲಿನಿಂದ ಹೋದಳು, ನಾನು ನನ್ನ ಬಟ್ಟಲು ಎತ್ತಿಕೊಂಡು ಮುಂಬಾಗಿಲಿನಿಂದ ಬಂದೆ.

ನಮ್ಮೂರಿನವರಷ್ಟೇ ಮಾಡಬಹುದಾದ ತಪ್ಪು ಅದು, ಮತ್ತು ನಮ್ಮೂರಿನಲ್ಲಿ ಹುಟ್ಟಿ ಬೆಳೆದವರು ಮಾಡಲೇಬಾರದ ತಪ್ಪು. ಮಾರನೆಯ ದಿನ ಹನ್ನೊಂದು ಗಂಟೆಗೆ ಕುಕ್ಕರ್ ಮುಚ್ಚಳ ತೆಗೆದರೆ ಅಕ್ಕಿ ಹಾಕಿದಂತೆಯೇ ಇತ್ತು. ನಮ್ಮ ಯಜಮಾನರು ಇಣುಕಿ ನೋಡಿ, ಏನೂ ಕೇಳದೆ ಅವಲಕ್ಕಿಯ ಡಬ್ಬ ಇಳಿಸಿದರು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ನಿಂಗಿ ಸೊಂಟದ ಮೇಲೆ ಪಾತ್ರೆಯಿಟ್ಟುಕೊಂಡು, ಅಂದು ಹುಳಿ ಸುರಿದಿದ್ದ ಅದೇ ಹೊಸಿಲಿನಾಚೆ ನಿಂತಿದ್ದಳು. ಕೂದಲು ಎಷ್ಟು ನರೆತಿದೆ ಎಂದು ನಾನು ಅವತ್ತೇ ಸರಿಯಾಗಿ ನೋಡಿದ್ದು.

"ನಿಂದೂ ಬೇಯಲಿಲ್ವಾ?" ಎಂದಳು.

"ಇಲ್ಲ. ನಿಂದು?"

ಪಾತ್ರೆ ಬಗ್ಗಿಸಿ ತೋರಿಸಿದಳು. ಅಕ್ಕಿ ಕಾಳು ಕಾಳಾಗಿ ನೀರಿನ ತಳದಲ್ಲಿ ಕೂತಿತ್ತು. ನನಗೆ ನಗು ಬಂತು, ಅವಳಿಗೂ ಬಂತು. ನಗುತ್ತಲೇ ಇದ್ದವಳು ತಟ್ಟನೆ ನಿಲ್ಲಿಸಿ, "ಅಕ್ಕಾ, ನಮ್ಮಿಬ್ರದ್ದೂ ಬೇಯಲಿಲ್ಲ ಅಂದ್ರೆ ಅಜ್ಜಿ ನಿನ್ನೆಯಿಂದ ಏನು ತಿಂದವಳೆ?" ಎಂದಳು.

ಇಬ್ಬರ ಬಟ್ಟಲೂ ಅಲ್ಲಿಂದ ತುಂಬಿದ್ದು ತುಂಬಿದ ಹಾಗೇ ವಾಪಸು ಬಂದಿದ್ದವು. ಹನ್ನೊಂದು ವರ್ಷದಿಂದ ಒಲೆ ಹಚ್ಚದವಳ ಮನೆಯಲ್ಲಿ ಹಿಡಿ ಅಕ್ಕಿಯೂ ಇರುವುದು ಸಾಧ್ಯವಿರಲಿಲ್ಲ. ನಾನು ಅವಲಕ್ಕಿಯನ್ನು ನೆನೆಸಿ, ಕಾಯಿ ತುರಿದು, ಬೆಲ್ಲ ಪುಡಿಮಾಡಿ ಕಲಸಿದೆ. ನಿಂಗಿ ಕಾಯಿತುರಿ ಸಾಲದೆಂದಳು. ಇನ್ನರ್ಧ ಹೋಳು ತುರಿದೆ. ಇಬ್ಬರೂ ದೊಡ್ಡ ಬೀದಿಯಲ್ಲಿ ಒಟ್ಟಿಗೆ ಹೋಗುವುದನ್ನು ನೋಡಿ ಸೊಪ್ಪಿನವಳು ತಕ್ಕಡಿ ಹಿಡಿದುಕೊಂಡೇ ನಿಂತುಬಿಟ್ಟಳು. ಸುದ್ದಿ ನಮಗಿಂತ ಮುಂದೆ ಓಡಿರಬೇಕು.

ಅಜ್ಜಿ ಒಗೆದ ಸೀರೆಯುಟ್ಟು ಮಂಚದ ಅಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಯ ಚೀಲ, ಅದರಲ್ಲಿ ಎರಡು ಸೀರೆ, ಡಾಕ್ಟರ ಫೋಟೋ. ಒಂಟಿ ಕೈಯಲ್ಲಿ ಗಂಟು ಹಾಕಲಾಗದೆ ಚೀಲದ ಬಾಯಿ ಹಾಗೇ ತೆರೆದುಕೊಂಡಿತ್ತು. "ಛತ್ರಕ್ಕೆ ಹೊರಟೆ. ಯಾರಾದ್ರೂ ಗಾಡಿಯೋರು ಆ ಕಡೆ ಹೋದ್ರೆ ಹೇಳ್ರವ್ವ" ಎಂದಳು, ನಿನ್ನೆ ಏನೂ ನಡೆದೇ ಇಲ್ಲವೆಂಬಂತೆ. ಹನ್ನೊಂದು ವರ್ಷ ದಿನಕ್ಕೆರಡು ಸಲ ಎರಡು ಕಡೆಯ ಮೆಟ್ಟಿಲು ಹತ್ತಿ ಇಳಿದವಳು. ಕದ್ದದ್ದು ನಿಜ, ಆದರೆ ಕದ್ದದ್ದಾದರೂ ಏನು? ನಮ್ಮ ಜೊತೆ ಕಳೆಯುವ ಅರ್ಧರ್ಧ ಗಂಟೆ. ಜಗಳ ಮಾಡಿದವರು ನಾವು, ಮೂರು ನಿಮಿಷದ ದಾರಿ ನಡೆಯದವರು ನಾವು. ನಾನು ಹಾಗೆಯೇ ಹೇಳಿಬಿಟ್ಟೆ. ನೀವಿಲ್ಲದಿದ್ದರೆ ನಾನು ನಿಂಗಿಯ ಕೈಯ ಒಂದು ತುತ್ತೂ ತಿನ್ನುತ್ತಿರಲಿಲ್ಲ ಅಜ್ಜಿ, ನೀವು ಎಲ್ಲಿಗೂ ಹೋಗಕೂಡದು ಎಂದೆ.

"ಪದ್ಧತಿ ಏನು ಅಂತ ನಿಂಗೂ ಗೊತ್ತು" ಎಂದಳು ಅಜ್ಜಿ. ನಿಂಗಿ ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡು ಒಂದು ತುತ್ತು ಮಾಡಿ ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು. ಅಜ್ಜಿ ತುಟಿ ಬಿಗಿದು ಮುಖ ತಿರುಗಿಸಿದಳು. "ಬೇಡ ಕಣವ್ವ. ಇನ್ನು ಇದು ನನ್ನ ಪಾಲಿನದಲ್ಲ. ನೀವಿಬ್ರೂ ಒಬ್ರದ್ದೊಬ್ರು ಉಣ್ಣಿ" ಎಂದಳು. ನಿಂಗಿ ಗದರಿದಳು, ನಾನು ಬೇಡಿಕೊಂಡೆ. ಮುದುಕಿ ಬಾಯಿ ತೆರೆಯಲಿಲ್ಲ.

ಆಗ ಮುಂಬಾಗಿಲ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ನಮ್ಮ ಬೀದಿಯ ಯಜಮಾನರು ತಮ್ಮಯ್ಯನವರು, ಪಟ್ಟಿಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತಾ ಒಳಗೆ ಬಂದರು. "ಏನ್ ಚೆಲುವಮ್ಮ, ಅಕ್ಕತಂಗೀರು ಒಂದಾದ್ರಂತೆ! ಬೀದಿಗೇ ಸಂತೋಷ. ಕಣ್ಣಲ್ಲೇ ನೋಡಿದಂಗಾಯ್ತು" ಎಂದು ಕುರ್ಚಿ ಎಳೆದುಕೊಂಡರು. "ಹಂಗಾದ್ರೆ ಪಟ್ಟೀಲಿ ಇವತ್ತೇ ತಿದ್ದಿಬುಡ್ತೀನಿ. ಮೇಲಜ್ಜಿ, ನೀವೇನೂ ಯೋಚ್ನೆ ಮಾಡಬ್ಯಾಡಿ, ಛತ್ರದೋರಿಗೆ ಹೇಳ್ತೀನಿ, ನಾಳೆಯಿಂದ ಒಂದು ಎಲೆ ಜಾಸ್ತಿ ಹಾಕ್ತಾರೆ."

"ಆಗ್ಲಿ ಯಜಮಾನ್ರೆ. ಚೀಲ ಕಟ್ಟಿದೀನಿ" ಎಂದಳು ಅಜ್ಜಿ.

ಅವರು ಜೇಬಿನಿಂದ ಪೆನ್ನು ತೆಗೆದರು. ನಾನು ಏನು ಹೇಳಲಿ? ಮೂರು ಮನೆ ಸೇರಿಸಿ ಎಂದರೆ ಅವರು ಕೇಳುವವರಲ್ಲ. ಕಾಲು ಹಿಡಿಯೋಣವೆಂದು ಮುಂದೆ ಬಗ್ಗಿದೆ. ಅಷ್ಟರಲ್ಲಿ ನಿಂಗಿ ತಟ್ಟೆಯನ್ನು ದಡಾರನೆ ನೆಲಕ್ಕೆ ಕುಕ್ಕಿ ಎದ್ದು ನಿಂತಳು.

"ಯಾರು ಯಜಮಾನ್ರೆ ಒಂದಾದದ್ದು? ಇವಳ ಜೊತೇಲಾ? ಥೂ! ಅಜ್ಜಿ ಕೈ ಮುರ್ಕಂಡವ್ಳೆ ಅಂತ ನೋಡೋಕೆ ಬಂದ್ರೆ ಈ ಅನಿಷ್ಟದ ಮುಖ ನೋಡಬೇಕಾಯ್ತು. ಒಡಹುಟ್ಟಿದೋಳಿಗೆ ಹೋಳಿಲ್ಲದ ಹುಳಿ ಕಳಿಸಿದ ಜಿಪುಣಿ ಇವಳು! ಕೆರೇಲಿ ಬಿದ್ದು ಸತ್ರೂ ಇವಳ ಬಟ್ಟಲು ನಾನು ಮುಟ್ಟಲ್ಲ!"

ಮೊದಲಿಗೆ ನನಗೆ ನಿಜಕ್ಕೂ ನೋವಾಯಿತು. ಈಗ ತಾನೆ ನನ್ನ ಅಡುಗೆಮನೆಯಲ್ಲಿ ನಿಂತು ನಕ್ಕವಳು ಇವಳೇನಾ ಎಂದು ಬಾಯಿಬಿಟ್ಟು ನೋಡಿದೆ. ಅವಳು ಒಂದು ಹೆಜ್ಜೆ ಮುಂದೆ ಬಂದು, ಸೀರೆಯ ನಿರಿಗೆಯ ಮರೆಯಲ್ಲಿ ನನ್ನ ಕಾಲ್ಬೆರಳನ್ನು ಮೆಟ್ಟಿದಳು. ಸುಮ್ಮನೆ ಮೆಟ್ಟಿದ್ದಲ್ಲ, ಹಿಮ್ಮಡಿಯೂರಿ ಮೆಟ್ಟಿದಳು. ಆಗ ತಿಳಿಯಿತು.

"ಹೌದು ಕಣೇ!" ಎಂದು ನಾನೂ ಸೆರಗು ಸಿಕ್ಕಿಸಿದೆ. "ಹೋಳು ನಾನೇ ಇಟ್ಕಂಡೆ! ಹನ್ನೆರಡು ಹೋಳಿತ್ತು, ಹನ್ನೆರಡನ್ನೂ ಬೇಕೂ ಅಂತ್ಲೇ ಎತ್ತಿಟ್ಟು ನಿಂಗೆ ತಿಳಿ ಸುರಿದು ಕಳಿಸ್ದೆ! ಗಂಡಿನೋರು ಬರ್ತಾರೆ, ಅವರೆದುರಿಗೆ ಜಂಬ ಮಾಡಬೇಕು ಅಂತ ತಂಗಿ ಪಾಲು ತೆಗ್ದೆ! ನನ್ನಂಥ ಕೆಟ್ಟೋಳು ಇನ್ನೊಬ್ಳಿಲ್ಲ, ಏನೀಗ?"

ಹನ್ನೊಂದು ವರ್ಷ ಗಂಡನಿಗೂ ಹೇಳದ ಮಾತದು. ಹೀಗೆ ಕೂಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಯಜಮಾನರ ಎದುರು ಹೇಳುತ್ತೇನೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಿಂಗಿಯ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಆದರೆ ಬಾಯಿ ನಿಲ್ಲಲಿಲ್ಲ. "ಒಪ್ಕಂಡ್ಲು ನೋಡಿ ಯಜಮಾನ್ರೆ! ನಾನೇನು ಕಮ್ಮೀನಾ? ಹುಳಿ ಸುರಿಯೋ ಮುಂಚೆ ನಾಳೆ ಇವಳ ಮನೆಗೆ ನೆಂಟರು ಬರೋದು ಗೊತ್ತಿತ್ತು ನಂಗೆ. ಗೊತ್ತಿದ್ದೇ ಸುರಿದೆ! ಪದ್ಮಿನಿ ಮುಖ ನೆನೆಸ್ಕಂಡು ಒಂದು ವಾರ ಅನ್ನ ಸೇರಲಿಲ್ಲ, ಆದ್ರೂ ಬಂದು ತಪ್ಪಾಯ್ತು ಅನ್ನಲಿಲ್ಲ! ಅನ್ನೋದೂ ಇಲ್ಲ!"

"ನಾನೂ ಅನ್ನೋದಿಲ್ಲ ಹೋಗೇ!"

"ಹೋಗೇ!"

ತಮ್ಮಯ್ಯನವರು ಪೆನ್ನಿನ ಮುಚ್ಚಳ ಹಾಕಿದರು. "ಶಿವಶಿವಾ, ಇವರು ಈ ಜನ್ಮಕ್ಕೆ ಸರಿಹೋಗೋರಲ್ಲ" ಎಂದು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ, "ಮೇಲಜ್ಜಿ, ಪಟ್ಟಿ ಹೆಂಗಿತ್ತೋ ಹಂಗೇ ಇರಲಿ. ಚೆಲುವಮ್ಮನ ಬಟ್ಟಲು ನಿಮ್ಮದೇ. ಪಾಪ, ನಿಮ್ಮ ಹಣೆಬರಹ" ಎಂದು ಹೇಳಿ ಕೋಲೂರಿಕೊಂಡು ಇಳಿದುಹೋದರು. ಕೊನೆಯ ಮೆಟ್ಟಿಲಿನ ಸದ್ದು ನಿಲ್ಲುವವರೆಗೂ ನಾವು ಇನ್ನೆರಡು ಬೈಗುಳ ಜೋರಾಗಿ ಬೈದೆವು.

ಆಮೇಲೆ ನಿಂಗಿ ನೆಲದ ಮೇಲೆ ಕುಕ್ಕರಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅವಳ ಪಕ್ಕದಲ್ಲಿ ಕೂತು ಮೆಟ್ಟಿಸಿಕೊಂಡ ಕಾಲ್ಬೆರಳನ್ನು ನೀವಿಕೊಳ್ಳುತ್ತಿದ್ದೆ. ಅವಳು ನನ್ನ ಕೈ ಸರಿಸಿ ತಾನೇ ನೀವಿದಳು. ಅಜ್ಜಿ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿದಳು.

"ಚೆಲುವಿ, ನಿಂಗಿ" ಎಂದಳು ಹೆದರುತ್ತಾ ಹೆದರುತ್ತಾ. "ಇದು ನಿಜವಾದ ಜಗಳಾನಾ?"

ನಿಂಗಿ ಅವಲಕ್ಕಿಯ ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು ಒಂದು ತುತ್ತು ಮಾಡಿದಳು. "ನಿಜವಾದ ಜಗಳವೇ ಕಣಜ್ಜಿ" ಎಂದಳು. "ನೀವು ಇರೋಗಂಟ ನಾವು ರಾಜಿ ಆಗೋದಿಲ್ಲ."

ಅಜ್ಜಿ ಬಾಯಿ ತೆರೆದಳು.